ಮಂಡಿಗೆ ಕರೆಂಟ್ ಇಟ್ಟರೆ ಸಾಕಾ, ವ್ಯಾಯಾಮವೂ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 57 ವರ್ಷ. ಮೂಡಿಗೆರೆ ಹತ್ತಿರದ ಹಳ್ಳಿಯಲ್ಲಿ ಸ್ವಲ್ಪ ಕಾಫಿ ತೋಟ ಇದೆ. ಎರಡು ವರ್ಷದಿಂದ ಬಲ ಮಂಡಿ ನೋವು. ತೋಟದಲ್ಲಿ ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜೀವ ಹೋಗುತ್ತದೆ. ಕೆಳಗೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಸವೆತ ಎರಡನೇ ಗ್ರೇಡ್, ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಅಂದರು. ಚಿಕ್ಕಮಗಳೂರಿನ ಒಂದು ಸೆಂಟರಿನಲ್ಲಿ ಹತ್ತು ದಿನ ಕರೆಂಟ್ ಇಟ್ಟರು. ಅಲ್ಲಿ ಮಲಗಿದ್ದಾಗ ಹಾಯಾಗಿರುತ್ತಿತ್ತು. ಮುಗಿಸಿ ಬಂದ ಎರಡೇ ದಿನಕ್ಕೆ ಮತ್ತೆ ಅದೇ ನೋವು. ವ್ಯಾಯಾಮದ ಚೀಟಿಯನ್ನೂ ಕೊಟ್ಟಿದ್ದರು. ನೋವು ಜಾಸ್ತಿ ಆದರೆ ಅಂತ ಹೆದರಿ ಮಾಡಲಿಲ್ಲ. ಈಗ ಮಗ ಆನ್‌ಲೈನ್‌ನಲ್ಲಿ ಕರೆಂಟ್ ಮೆಷಿನ್ ತರಿಸುತ್ತೇನೆ ಅನ್ನುತ್ತಾನೆ. ತರಿಸಬಹುದಾ? ಕರೆಂಟಿನಿಂದ ನಿಜಕ್ಕೂ ಗುಣ ಆಗುತ್ತದಾ? ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುವ ಹರಕೆ ಇದೆ. ತೂಕ 72 ಕೆಜಿ. ಶುಗರ್ ಇದೆ, ಮಾತ್ರೆ ತಗೊಳ್ಳುತ್ತೇನೆ.

ಉತ್ತರ: ಕರೆಂಟಿನಿಂದ ಉಪಯೋಗ ಇದೆ. ಆದರೆ ಸುಮ್ನೆ ಮಲಗಿ ಇಡಿಸಿಕೊಂಡ ಕರೆಂಟಿನಿಂದ ಮಂಡಿಗೆ ಬಲ ಬರುವುದಿಲ್ಲ. ತೊಡೆಯ ಸ್ನಾಯು ಸರಿಯಾಗಿ ಬಿಗಿಯಾಗದವರಿಗೆ, ಕೆಲವು ವಾರಗಳ ಮಟ್ಟಿಗೆ, ವ್ಯಾಯಾಮದ ಜೊತೆಯಲ್ಲೇ ಕೊಟ್ಟರೆ ಅದು ಒಳ್ಳೆಯ ಸಹಾಯ. ಬಲ ಕೊಡುವುದು ವ್ಯಾಯಾಮ. ಹೆದರಿಕೆಯಿಂದ ನೀವು ಬಿಟ್ಟಿದ್ದು ಅದನ್ನೇ. ಮೆಷಿನ್ ಈಗಲೇ ತರಿಸಬೇಡಿ ಅಂತ ಮಗನಿಗೆ ಹೇಳಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಆ ಹೆದರಿಕೆಯ ಬಗ್ಗೆ ಮಾತಾಡೋಣ. ಸವೆತ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಜನ ನಡೆಯುವುದನ್ನೇ ಕಮ್ಮಿ ಮಾಡುತ್ತಾರೆ. ‘ಗ್ರೀಸ್ ಖಾಲಿ ಆಗಿದೆ, ಓಡಾಡಿದಷ್ಟೂ ಸವೆಯುತ್ತದೆ’ ಅಂತ ಅಕ್ಕಪಕ್ಕದವರೂ ಹೇಳುತ್ತಾರೆ. ಇದು ತಪ್ಪು. ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್ ಪದರಕ್ಕೆ ರಕ್ತನಾಳವೇ ಇಲ್ಲ. ಕೀಲಿನ ಮೇಲೆ ಭಾರ ಬಿದ್ದು, ಬಿಟ್ಟು, ಮತ್ತೆ ಬಿದ್ದಾಗ ಒಳಗಿನ ದ್ರವ ಆ ಪದರದೊಳಗೆ ಹೋಗಿ ಬರುತ್ತದೆ. ಅದಕ್ಕೆ ಆಹಾರ ಸಿಗುವುದು ಹಾಗೆ. ಕಾಲು ಚಾಚಿ ಕೂತರೆ ಆ ಕೆಲಸವೂ ನಿಲ್ಲುತ್ತದೆ. ಇನ್ನು ಗ್ರೇಡ್ ಲೆಕ್ಕ. ಇದನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವ ಇಬ್ಬರು ವೈದ್ಯರು ಕೊಟ್ಟರು, ಸೊನ್ನೆಯಿಂದ ನಾಲ್ಕರವರೆಗೆ. ಎರಡು ಅಂದರೆ ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳಿನಂಥ ಬೆಳವಣಿಗೆ ಇದೆ, ನಡುವಿನ ಜಾಗ ಸ್ವಲ್ಪ ಕಮ್ಮಿ ಆಗಿರಬಹುದು ಅಂತ. ಎಕ್ಸ್‌ರೇಯಲ್ಲಿ ಮೂರನೇ ಗ್ರೇಡ್ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಒಂದನೇ ಗ್ರೇಡ್‌ಗೇ ನರಳುವವರೂ ಇದ್ದಾರೆ. ಸವೆತ ಮತ್ತು ನೋವು ಒಂದೇ ಅಳತೆಯಲ್ಲಿ ಹೋಗುವುದಿಲ್ಲ. ಸ್ನಾಯುವಿನ ಬಲ, ತೂಕ, ಊತ, ನಿದ್ದೆ, ಎಲ್ಲ ಸೇರಿ ನೋವು ಎಷ್ಟು ಅಂತ ತೀರ್ಮಾನ ಆಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಸಾಲು: ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜೀವ ಹೋಗುತ್ತದೆ. ತೋಟದವರ ಮಂಡಿಯ ಕಥೆ ಬಹಳ ಮಟ್ಟಿಗೆ ಇದೇ. ಕೃತಕ ಮಂಡಿಯ ಒಳಗೇ ಅಳತೆಯ ಸಾಧನ ಇಟ್ಟು, ಯಾವ ಕೆಲಸಕ್ಕೆ ಎಷ್ಟು ಭಾರ ಬೀಳುತ್ತದೆ ಅಂತ ಜರ್ಮನಿಯಲ್ಲಿ ಅಳೆದಿದ್ದಾರೆ. ಸಮತಟ್ಟಿನಲ್ಲಿ ನಡೆಯುವಾಗ ಮೈತೂಕದ ಎರಡೂವರೆ ಪಟ್ಟು, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೆ ಸ್ವಲ್ಪ ಜಾಸ್ತಿ, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ನಿಮ್ಮ 72 ಕೆಜಿಗೆ ಲೆಕ್ಕ ಹಾಕಿದರೆ, ಇಳಿಯುವಾಗ ಪ್ರತಿ ಹೆಜ್ಜೆಗೂ 250 ಕೆಜಿ ಆಯಿತು. ಈ ಭಾರವನ್ನು ಮೆಲ್ಲಗೆ ಇಳಿಸುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಕ್ವಾಡ್ರಿಸೆಪ್ಸ್. ಇಳಿಜಾರಿನಲ್ಲಿ ಜೀಪನ್ನು ಮೊದಲ ಗೇರಿನಲ್ಲಿ ಹಿಡಿದು ಇಳಿಸುತ್ತಾರಲ್ಲ, ಆ ಹಿಡಿತ ಈ ಸ್ನಾಯುವಿನದು. ಅದು ಸೋತರೆ ಭಾರ ಕೀಲಿನ ಮೇಲೆ ದಢ್ ಅಂತ ಬೀಳುತ್ತದೆ.

ಆ ಸ್ನಾಯು ಯಾಕೆ ಸೋಲುತ್ತದೆ? ವಯಸ್ಸು, ಕೆಲಸ ಬಿಟ್ಟದ್ದು, ಇವೆಲ್ಲ ಇದ್ದೇ ಇವೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ, ಅದನ್ನು ರೋಗಿಗೆ ಬಿಡಿಸಿ ಹೇಳುವವರು ಕಮ್ಮಿ. ಮಂಡಿಯೊಳಗೆ ನೋವು, ಊತ, ನೀರು ತುಂಬಿದಾಗ ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಬೆನ್ನುಹುರಿ ಕೂಡಲೇ ಕ್ವಾಡ್ರಿಸೆಪ್ಸ್‌ಗೆ ಹೋಗುವ ಸಂಕೇತವನ್ನು ತಗ್ಗಿಸುತ್ತದೆ. ಇದು ನಮ್ಮ ಇಚ್ಛೆಯ ಕೈಯಲ್ಲಿಲ್ಲ. ಆರೋಗ್ಯವಂತರ ಮಂಡಿಗೆ ಬರೀ ಸಲೈನ್ ಚುಚ್ಚಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಇಪ್ಪತ್ತು ಮೂವತ್ತು ಎಂಎಲ್ ಒಳಗೆ ಹೋದರೆ ಸಾಕು, ಮಂಡಿಚಿಪ್ಪಿನ ಮೇಲೆ ಒಳಪಕ್ಕದಲ್ಲಿರುವ ಭಾಗ ಮಂಕಾಗಲು ಶುರುವಾಗುತ್ತದೆ. ನೋವೇ ಇಲ್ಲದವರಲ್ಲೂ ಹೀಗೆ. ಅಂದ ಮೇಲೆ ಎರಡು ವರ್ಷದಿಂದ ನೋಯುತ್ತಿರುವ ಮಂಡಿಯಲ್ಲಿ ಏನಾಗಿರಬಹುದು ನೋಡಿ. ನೀವು ಬಿಗಿ ಮಾಡಲು ಎಷ್ಟು ಪ್ರಯತ್ನಪಟ್ಟರೂ ಸ್ನಾಯುವಿನ ಒಂದು ಪಾಲು ಎದ್ದೇಳುವುದೇ ಇಲ್ಲ. ‘ಚೀಟಿಯಲ್ಲಿದ್ದ ವ್ಯಾಯಾಮ ಎಲ್ಲ ಮಾಡಿದೆ, ಏನೂ ಆಗಲಿಲ್ಲ’ ಅನ್ನುವವರಲ್ಲಿ ಕೆಲವರ ಸಮಸ್ಯೆ ಇದೇ. ಅವರು ಸೋಮಾರಿಗಳಲ್ಲ. ಅವರ ಸ್ನಾಯುವಿಗೆ ಪೂರ್ತಿ ಆಜ್ಞೆ ತಲುಪುತ್ತಿಲ್ಲ. ಸ್ನಾಯುವಿಗೆ ಕೊಡುವ ಕರೆಂಟಿಗೆ ಅರ್ಥ ಬರುವುದು ಈ ಜಾಗದಲ್ಲಿ.

ಮನೆಯಲ್ಲೇ ಇದನ್ನು ನೋಡಿಕೊಳ್ಳಬಹುದು. ಮಂಚದ ಮೇಲೆ ಎರಡೂ ಕಾಲು ಚಾಚಿ ಕೂತುಕೊಳ್ಳಿ. ಬಲ ತೊಡೆಯನ್ನು ಬಿಗಿ ಮಾಡಿ, ಮಂಡಿ ನೇರ ಇಟ್ಟುಕೊಂಡೇ ಹಿಮ್ಮಡಿಯನ್ನು ಒಂದು ಗೇಣು ಎತ್ತಿ. ಆಮೇಲೆ ಎಡಗಾಲಿನಲ್ಲೂ ಮಾಡಿ. ಬಲಗಾಲು ಎತ್ತುವಾಗ ಮಂಡಿ ಸ್ವಲ್ಪ ಮಡಚಿಕೊಂಡೇ ಏಳುತ್ತಿದ್ದರೆ, ತೊಡೆ ನಡುಗಿದರೆ, ಕೈಯಲ್ಲಿ ಮುಟ್ಟಿದಾಗ ಮಂಡಿಚಿಪ್ಪಿನ ಮೇಲಿನ ಒಳಭಾಗ ಎಡಗಾಲಿನಷ್ಟು ಗಟ್ಟಿಯಾಗದಿದ್ದರೆ, ನಿಮ್ಮ ಸ್ನಾಯು ಪೂರ್ತಿ ಏಳುತ್ತಿಲ್ಲ ಅಂತ. ಇನ್ನೊಂದು ಪರೀಕ್ಷೆ: ಕೈ ಎದೆಗೆ ಕಟ್ಟಿಕೊಂಡು ಸಾಮಾನ್ಯ ಎತ್ತರದ ಕುರ್ಚಿಯಿಂದ ಎದ್ದು ಕೂರಿ. 30 ಸೆಕೆಂಡಿನಲ್ಲಿ ಎಷ್ಟಾಗುತ್ತದೆ ಅಂತ ಮಗನನ್ನು ಎಣಿಸಲು ಹೇಳಿ. 60ರಿಂದ 64 ವಯಸ್ಸಿನ ಹೆಂಗಸರಿಗೇ 12ಕ್ಕಿಂತ ಕಮ್ಮಿ ಬಂದರೆ ಕಾಲಿನ ಬಲ ಕಮ್ಮಿ ಅಂತ ಲೆಕ್ಕ. ನಿಮ್ಮ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಎಕ್ಸ್‌ರೇಗಿಂತ ನನಗೆ ಈ ಸಂಖ್ಯೆಯ ಮೇಲೆ ನಂಬಿಕೆ ಜಾಸ್ತಿ.

ಈಗ ನೀವು ಹತ್ತು ದಿನ ಇಡಿಸಿಕೊಂಡ ಕರೆಂಟ್ ಯಾವುದು ಅಂತ ನೋಡೋಣ. ನಮ್ಮಲ್ಲಿ ಪ್ಯಾಡ್ ಅಂಟಿಸಿ ಮಾಡುವುದಕ್ಕೆಲ್ಲ ‘ಕರೆಂಟ್ ಇಡೋದು’ ಅಂತಲೇ ಹೇಳುತ್ತೇವೆ. ಆದರೆ ಮೆಷಿನ್‌ಗಳು ಬೇರೆ ಬೇರೆ, ಕೆಲಸವೂ ಬೇರೆ. ಟೆನ್ಸ್ ಮತ್ತು ಐಎಫ್‌ಟಿ ನೋವಿಗೆ. ಪ್ಯಾಡನ್ನು ಮಂಡಿಯ ಸುತ್ತ ಅಂಟಿಸುತ್ತಾರೆ, ಜುಮ್ ಜುಮ್ ಅನ್ನುತ್ತದೆ. ಸ್ಪರ್ಶದ ನರಗಳನ್ನು ಹೀಗೆ ಚುರುಕು ಮಾಡಿದರೆ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಹೇಳಿದ ‘ಗೇಟ್’ ಸಿದ್ಧಾಂತ ಇದು. ಮೆಷಿನ್ ಆರಿಸಿದ ಮೇಲೆ ಆ ಆರಾಮ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಸ್ನಾಯುವಿಗೆ ಅದರಿಂದ ಬಲವೂ ಬರುವುದಿಲ್ಲ. ನಿಮ್ಮ ವರ್ಣನೆ ನೋಡಿದರೆ ನಿಮಗೆ ಇಟ್ಟದ್ದು ಇಂಥದ್ದೇ ಇರಬೇಕು. ಅದು ಕೆಟ್ಟ ಚಿಕಿತ್ಸೆ ಅಲ್ಲ. ನೋವು ತಗ್ಗಿದ ಆ ಒಂದೆರಡು ಗಂಟೆಯಲ್ಲಿ ವ್ಯಾಯಾಮ ಮಾಡಿಸಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು. ನೋವು ತಗ್ಗಿಸಿ ಹಾಗೇ ಬಸ್ ಹತ್ತಿಸಿದರೆ ಹತ್ತು ದಿನದ ದುಡ್ಡು ಮತ್ತು ಓಡಾಟ ಅರ್ಧ ವ್ಯರ್ಥ.

ಸ್ನಾಯುವಿಗೆ ಕೊಡುವ ಕರೆಂಟ್ ಬೇರೆ. ಇಲ್ಲಿ ದೊಡ್ಡ ಎರಡು ಪ್ಯಾಡ್ ತೊಡೆಯ ಮೇಲೆ ಬರುತ್ತವೆ: ಒಂದು ತೊಡೆಯ ಮೇಲ್ಭಾಗದ ಹೊರಪಕ್ಕ, ಇನ್ನೊಂದು ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ ಒಳಪಕ್ಕ. ಕರೆಂಟ್ ಸ್ನಾಯುವಿಗೆ ಹೋಗುವ ನರವನ್ನು ಕೆರಳಿಸುತ್ತದೆ, ಸ್ನಾಯು ಬಿಗಿಯಾಗುತ್ತದೆ. ಬೆನ್ನುಹುರಿ ತಗ್ಗಿಸಿದ ಆಜ್ಞೆಗೆ ಕಾಯದೆ, ಹೊರಗಿನಿಂದಲೇ ಎಬ್ಬಿಸುವುದು. ಬರೀ ಜುಮ್ ಅಂದರೆ ಇದು ಕೆಲಸ ಮಾಡಿದಂತಲ್ಲ. ತೊಡೆ ಕಣ್ಣಿಗೆ ಕಾಣುವ ಹಾಗೆ ಗಟ್ಟಿಯಾಗಬೇಕು, ಮಂಡಿಚಿಪ್ಪು ಮೇಲಕ್ಕೆ ಸರಿಯಬೇಕು. ಮುಂದಿನ ಸಲ ನೀವು ಗುರುತು ಹಿಡಿಯಲು ಇಷ್ಟು ಸಾಕು.

ಆದರೆ ಹೊರಗಿನಿಂದ ಎಬ್ಬಿಸುವುದಕ್ಕೆ ಒಂದು ಮಿತಿ ಇದೆ. ನಾವೇ ಸ್ನಾಯು ಬಿಗಿ ಮಾಡಿದಾಗ ದೇಹ ಜಾಣತನದಿಂದ ಕೆಲಸ ಹಂಚುತ್ತದೆ. ಕೆಲವು ಎಳೆಗಳು ದುಡಿಯುವಾಗ ಕೆಲವು ಸುಧಾರಿಸಿಕೊಳ್ಳುತ್ತವೆ. ಕರೆಂಟಿಗೆ ಆ ಹಂಚಿಕೆ ಗೊತ್ತಿಲ್ಲ. ಪ್ಯಾಡಿನ ಕೆಳಗೆ ಸಿಕ್ಕ ಅದೇ ಎಳೆಗಳನ್ನು ಪ್ರತಿ ಸಲವೂ ಒಟ್ಟಿಗೆ ದುಡಿಸುತ್ತದೆ, ಅವು ಬೇಗ ಸುಸ್ತಾಗುತ್ತವೆ. ಹಾಗಾಗಿ ನಡುವೆ ಬಿಡುವು ಬೇಕೇ ಬೇಕು. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೊವ್ ಕೋಟ್ಸ್ ಕ್ರೀಡಾಪಟುಗಳಿಗೆ ಬಳಸಿದ ಕ್ರಮ ಈಗಲೂ ಹೆಸರುವಾಸಿ: 10 ಸೆಕೆಂಡ್ ಕರೆಂಟ್, 50 ಸೆಕೆಂಡ್ ಬಿಡುವು, ಹೀಗೆ 10 ಸಲ. ನಮ್ಮ ಫಿಸಿಯೋ ಪುಸ್ತಕಗಳಲ್ಲಿ ‘ರಷ್ಯನ್ ಕರೆಂಟ್’ ಅನ್ನುವುದು ಇದಕ್ಕೇ. ಇನ್ನೊಂದು ಮಾತು: ಎದ್ದು ನಿಲ್ಲುವುದು, ಇಳಿಯುವುದು, ಕಾಲು ಜಾರಿದಾಗ ಸಾವರಿಸಿಕೊಳ್ಳುವುದು, ಇವೆಲ್ಲ ಮಿದುಳು, ನರ, ಸೊಂಟ, ಪಾದ ಎಲ್ಲ ಸೇರಿ ಮಾಡುವ ಕೆಲಸ. ಮಲಗಿ ತೊಡೆ ಕುಣಿಸಿದರೆ ಅದು ಕಲಿಯುವುದಿಲ್ಲ. ಕರೆಂಟ್ ಬಂದ ಕ್ಷಣದಲ್ಲೇ ನೀವೂ ನಿಮ್ಮ ಬಲ ಹಾಕಿ ತೊಡೆ ಬಿಗಿ ಮಾಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೆ. ಮೊಬೈಲ್ ನೋಡುತ್ತಾ ಮಲಗುವುದಲ್ಲ. ಎರಡು ಆಜ್ಞೆಗಳು ಒಟ್ಟಿಗೆ ಬಂದಾಗ, ಬಿಗಿ ಅಂದರೆ ಹೇಗಿರುತ್ತದೆ ಅಂತ ದೇಹಕ್ಕೆ ಮತ್ತೆ ನೆನಪಾಗುತ್ತದೆ.

ಸಂಶೋಧನೆ ಏನು ಹೇಳುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳಬೇಕು. ಮಂಡಿ ಬದಲಿಸುವ ಆಪರೇಷನ್ ಆದ ಮೊದಲ ವಾರಗಳಲ್ಲಿ ಸ್ನಾಯುವಿನ ಕರೆಂಟನ್ನು ವ್ಯಾಯಾಮದ ಜೊತೆ ಕೊಟ್ಟರೆ ತೊಡೆಯ ಬಲ ಬೇಗ ವಾಪಸ್ ಬರುತ್ತದೆ, ಇದಕ್ಕೆ ಒಳ್ಳೆಯ ಆಧಾರ ಇದೆ. ನಿಮ್ಮಂತೆ ಆಪರೇಷನ್ ಆಗದ ಸವೆತಕ್ಕೆ ಫಲಿತಾಂಶ ಮಿಶ್ರ. ಕೆಲವು ಅಧ್ಯಯನಗಳಲ್ಲಿ ವ್ಯಾಯಾಮಕ್ಕಿಂತ ಸ್ವಲ್ಪ ಜಾಸ್ತಿ ಲಾಭ ಕಂಡಿದೆ, ಕೆಲವುಗಳಲ್ಲಿ ವ್ಯಾಯಾಮ ಒಂದೇ ಸಾಕು ಅನ್ನುವಂತೆ ಬಂದಿದೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಸಾಕಷ್ಟು ಆಧಾರ ಇಲ್ಲದ ಕಾರಣ ಸವೆತಕ್ಕೆ ಟೆನ್ಸ್, ಐಎಫ್‌ಟಿ, ಸ್ನಾಯುವಿನ ಕರೆಂಟ್ ಯಾವುದನ್ನೂ ಕೊಡಬೇಡಿ ಅಂದಿದೆ. ಅಮೆರಿಕದ ಕೀಲುರೋಗ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, 2019ರಲ್ಲಿ ಟೆನ್ಸ್ ಬೇಡ ಅಂತ ಖಡಾಖಂಡಿತವಾಗಿ ಹೇಳಿತು. ಅವೆರಡೂ ವ್ಯಾಯಾಮವನ್ನು ಮಾತ್ರ ಮೊದಲ ಸಾಲಿನಲ್ಲೇ ಇಟ್ಟಿವೆ.

ಹಾಗಾದರೆ ನಾನು ಯಾಕೆ ಕರೆಂಟ್ ಬಳಸುತ್ತೇನೆ? ಎಲ್ಲರಿಗೂ ಬಳಸುವುದಿಲ್ಲ. ಸವೆತ ಅಂತ ಬಂದವರಿಗೆಲ್ಲ ಪ್ಯಾಡ್ ಹಚ್ಚುವುದನ್ನು ನಾನೂ ಒಪ್ಪುವುದಿಲ್ಲ. ಮೇಲೆ ಹೇಳಿದ ಕಾಲೆತ್ತುವ ಪರೀಕ್ಷೆಯಲ್ಲಿ ಮಂಡಿ ಬಾಗುವವರಿಗೆ, ನೋವಿನ ಭಯಕ್ಕೆ ತೊಡೆ ಬಿಗಿ ಮಾಡಲಾಗದವರಿಗೆ, ನಾಲ್ಕರಿಂದ ಆರು ವಾರ ಮಾತ್ರ. ಮಂಡಿ ನೇರ ಇಟ್ಟು ಕಾಲೆತ್ತಲು ಬಂತು, ಕೈ ಊರದೆ ಕುರ್ಚಿಯಿಂದ ಏಳಲು ಬಂತು ಅಂದ ದಿನ ಮೆಷಿನ್ ನಿಲ್ಲಿಸಬೇಕು. ನಿಮ್ಮ ಪರೀಕ್ಷೆಯಲ್ಲಿ ಎರಡೂ ಕಾಲು ಒಂದೇ ಥರ ಗಟ್ಟಿಯಾಗಿ ಎದ್ದರೆ ಕರೆಂಟಿನ ಯೋಚನೆ ಬಿಟ್ಟು ನೇರ ವ್ಯಾಯಾಮಕ್ಕೆ ಬನ್ನಿ.

ಬೇಕು ಅಂತಾದರೆ ಹೇಗೆ ಮಾಡಿಸಬೇಕು ಅಂತ ಹೇಳುತ್ತೇನೆ. ವಾರಕ್ಕೆ ಎರಡು ಮೂರು ಸಲ ಸಾಕು, ನಡುವೆ ಒಂದು ದಿನ ಬಿಡುವು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್. ಆ ತಿರುವುಗಳಲ್ಲಿ ದಿನಾ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವ ಅಗತ್ಯ ಇಲ್ಲ. ಮಂಡಿಯ ಕೆಳಗೆ ದಪ್ಪ ಟವೆಲ್ ಸುರುಳಿ ಇಟ್ಟು ಮಲಗುತ್ತೀರಿ. ಕರೆಂಟ್ ಏರಿದಾಗ ನೀವೂ ಬಿಗಿ ಮಾಡಿ ಹಿಮ್ಮಡಿ ಎತ್ತುತ್ತೀರಿ, ಹತ್ತು ಸೆಕೆಂಡ್ ಹಿಡಿಯುತ್ತೀರಿ. ಅದು ಇಳಿದಾಗ ನೀವೂ ಸಡಿಲ ಬಿಡುತ್ತೀರಿ. ಹತ್ತರಿಂದ ಹದಿನೈದು ಸಲ. ಮೊದಲ ದಿನ ಇರುವೆ ಹರಿದಂತೆ ಇರುತ್ತದೆ, ಎರಡು ಮೂರನೇ ಸಲಕ್ಕೆ ಅಭ್ಯಾಸ ಆಗುತ್ತದೆ. ಆಗ ತಡೆದುಕೊಳ್ಳುವಷ್ಟು ಏರಿಸಬೇಕು. ಬಲವಾದ ಎಳೆತ ಇರಬೇಕು, ಉರಿ ಇರಬಾರದು. ಒಂದೇ ಜಾಗದಲ್ಲಿ ಚುಚ್ಚಿದಂತೆ, ಸುಟ್ಟಂತೆ ಅನ್ನಿಸಿದರೆ ಕೂಡಲೇ ಹೇಳಿ. ಪ್ಯಾಡ್ ಸರಿಯಾಗಿ ಅಂಟಿಲ್ಲ ಅಥವಾ ಹಳತಾಗಿದೆ ಅಂತ ಅರ್ಥ. ಮರುದಿನ ತೊಡೆ ನೊಂದರೆ ಹೆದರಬೇಡಿ, ಬಹಳ ದಿನದ ಮೇಲೆ ಗುದ್ದಲಿ ಹಿಡಿದಾಗ ಕೈ ನೋಯುವುದಿಲ್ಲವಾ, ಅದೇ ನೋವು. ಕರೆಂಟ್ ಮುಗಿದ ಕೂಡಲೇ ಮಂಚದಿಂದ ಇಳಿಸಿ ಅಲ್ಲೇ ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿಸಬೇಕು. ಅದನ್ನು ಮಾಡಿಸದ ಸೆಂಟರಿನಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಿ.

ನಿಮಗೆ ಶುಗರ್ ಇರುವುದರಿಂದ ಒಂದು ಎಚ್ಚರಿಕೆ. ಶುಗರಿನಿಂದ ಕಾಲಿನ ಚರ್ಮದ ಸ್ಪರ್ಶ ಮಂಕಾಗಿದ್ದರೆ ಕರೆಂಟ್ ಎಷ್ಟು ಜೋರಾಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಚರ್ಮ ಸುಡಬಹುದು. ಮೊದಲ ದಿನವೇ ಹತ್ತಿ ಮುಟ್ಟಿಸಿ, ಬಿಸಿ-ತಣ್ಣಗೆ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ತೋಟಕ್ಕೆ ಹೋದವರ ತೊಡೆವರೆಗೂ ಜಿಗಣೆ ಹತ್ತಿರುತ್ತದೆ. ಕೆರೆದು ಗಾಯ ಆದ ಜಾಗದ ಮೇಲೆ ಪ್ಯಾಡ್ ಬೇಡ, ಒಣಗುವವರೆಗೆ ಕಾಯಿರಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಆ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇರುವವರು ಕರೆಂಟ್ ಇಡಿಸಿಕೊಳ್ಳಬಾರದು. ಫಿಟ್ಸ್ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಂದುವರಿಯಬಾರದು. ನಿಮ್ಮ ಮನೆಗೆ ಮೆಷಿನ್ ಬಂದರೆ ಅಕ್ಕಪಕ್ಕದವರೂ ‘ನಮಗೂ ಒಂದ್ಸಲ ಇಡಿ’ ಅಂತ ಬರುತ್ತಾರೆ, ಅದಕ್ಕೇ ಇಷ್ಟು ಹೇಳಿದೆ.

ಆ ಮೆಷಿನ್ ವಿಷಯ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಮೆಷಿನ್‌ಗಳಲ್ಲಿ ಬಹಳಷ್ಟು ಟೆನ್ಸ್, ಅಂದರೆ ಬರೀ ಜುಮ್ ಅನ್ನಿಸುವವು. ಕೆಲವುಗಳಲ್ಲಿ ಸ್ನಾಯುವಿಗೆ ಅಂತ ಬೇರೆ ಮೋಡ್ ಇರುತ್ತದೆ, ಇಎಂಎಸ್ ಅಂತ ಬರೆದಿರುತ್ತಾರೆ. ಅದರಲ್ಲೂ ಕರೆಂಟ್ ಎಷ್ಟು ಸೆಕೆಂಡ್, ಬಿಡುವು ಎಷ್ಟು ಸೆಕೆಂಡ್ ಅಂತ ನಾವೇ ಹೊಂದಿಸಲು ಬರಬೇಕು. ಜೊತೆಗೆ ಬರುವ ಪ್ಯಾಡ್ ತೀರಾ ಚಿಕ್ಕದಿದ್ದರೆ ತೊಡೆ ಬಿಗಿಯಾಗುವ ಮೊದಲೇ ಚರ್ಮ ಚುರುಗುಟ್ಟುತ್ತದೆ. ಮೊದಲು ಫಿಸಿಯೋ ಹತ್ತಿರ ಮೂರು ನಾಲ್ಕು ಸಲ ಮಾಡಿಸಿ, ನಿಮ್ಮ ಸ್ನಾಯು ಸ್ಪಂದಿಸುತ್ತದಾ, ಪ್ಯಾಡ್ ಎಲ್ಲಿಡಬೇಕು ಅಂತ ಕಲಿಯಿರಿ. ಆಮೇಲೂ ಬೇಕು ಅನ್ನಿಸಿದರೆ ಅವರನ್ನೇ ಕೇಳಿ ತರಿಸಿ. ಅಷ್ಟು ಹೊತ್ತಿಗೆ ಸುಮಾರು ಜನರಿಗೆ ಮೆಷಿನ್ ಬೇಡವಾಗಿರುತ್ತದೆ. ಆ ದುಡ್ಡಲ್ಲಿ ಒಂದು ಕಮೋಡ್ ಕುರ್ಚಿ, ಒಂದು ಗಟ್ಟಿ ಊರುಗೋಲು ತಂದರೆ ನಿಮ್ಮ ಮಂಡಿಗೆ ಇನ್ನೂ ಜಾಸ್ತಿ ಉಪಕಾರ ಆದೀತು.

ವ್ಯಾಯಾಮಕ್ಕೆ ಬರೋಣ. ಮೊದಲ ಎರಡು ವಾರ ಮಂಚದ ಮೇಲೆ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ, ಐದರಿಂದ ಹತ್ತು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ಆಮೇಲೆ ನೇರ ಕಾಲೆತ್ತುವುದು, ಅದೂ ಹತ್ತು ಸಲ. ಉಸಿರು ಬಿಗಿ ಹಿಡಿಯಬೇಡಿ, ಜೋರಾಗಿ ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ಇದು ದಿನಾ ಎರಡು ಹೊತ್ತು. ಎಡಗಾಲಿಗೂ ಮಾಡಿ, ಅದೂ ಇಷ್ಟು ದಿನ ಎರಡರ ಭಾರ ಹೊತ್ತಿದೆ.

ಆದರೆ ಇದರಲ್ಲೇ ನಿಂತುಬಿಡಬೇಡಿ. ಕಾಲೆತ್ತುವುದನ್ನೇ ವರ್ಷಗಟ್ಟಲೆ ಮಾಡುತ್ತಾ ಇರುವವರನ್ನು ನೋಡಿದ್ದೇನೆ. ಅವರಿಗೆ ಕಾಲೆತ್ತಲು ಚೆನ್ನಾಗಿ ಬರುತ್ತದೆ, ಮೆಟ್ಟಿಲು ಇಳಿಯಲು ಬರುವುದಿಲ್ಲ. ಮೈತೂಕ ಹೊತ್ತು ಮಾಡುವ ವ್ಯಾಯಾಮವೇ ನಿಮ್ಮನ್ನು ತೋಟಕ್ಕೆ ವಾಪಸ್ ಕಳಿಸುವುದು. ಅದರಲ್ಲಿ ಕುರ್ಚಿಯಿಂದ ಏಳುವುದೇ ರಾಜ. ಪ್ಲಾಸ್ಟಿಕ್ ಕುರ್ಚಿ ಜಾರದಂತೆ ಗೋಡೆಗೆ ಒತ್ತಿಡಿ, ತಗ್ಗು ಅನ್ನಿಸಿದರೆ ಎರಡು ಕಂಬಳಿ ಮಡಚಿ ಹಾಕಿ ಎತ್ತರ ಮಾಡಿ. ಪಾದಗಳನ್ನು ಸ್ವಲ್ಪ ಹಿಂದಕ್ಕೆ ತಂದು, ಮುಂದೆ ಬಾಗಿ, ಎದ್ದೇಳಿ. ಕೂರುವಾಗ ಮಾತ್ರ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಧೊಪ್ ಅಂತ ಕೂತರೆ ವ್ಯಾಯಾಮದ ಒಳ್ಳೆಯ ಅರ್ಧ ಹೋಯಿತು. ಇಳಿಜಾರಿಗೆ ಬೇಕಾದ ಹಿಡಿತ ಬೆಳೆಯುವುದು ಈ ನಿಧಾನದಲ್ಲೇ. ಎಂಟರಿಂದ ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೊಮ್ಮೆ, ವಾರಕ್ಕೆ ಮೂರು ದಿನ. ಸುಲಭ ಆಗುತ್ತಾ ಬಂದಂತೆ ಒಂದೊಂದೇ ಕಂಬಳಿ ತೆಗೆಯಿರಿ. ಇದರ ಜೊತೆ ಎಡಮಗ್ಗುಲಿಗೆ ಮಲಗಿ ಬಲಗಾಲನ್ನು ಮೇಲಕ್ಕೆ ಎತ್ತುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು ಸೇರಿಸಿಕೊಳ್ಳಿ. ಸೊಂಟದ ಪಕ್ಕದ ಸ್ನಾಯು ಸೋತರೆ ಮಂಡಿ ಒಳಕ್ಕೆ ವಾಲುತ್ತದೆ.

ನಾಲ್ಕು ವಾರದ ಹೊತ್ತಿಗೆ ಜಗಲಿಯ ಮೆಟ್ಟಿಲಿಗೆ ಬನ್ನಿ. ತಗ್ಗಾದ ಮೆಟ್ಟಿಲು ಆರಿಸಿ, ಕಂಬ ಹಿಡಿದು, ಬಲಗಾಲನ್ನು ಮೆಟ್ಟಿಲ ಮೇಲೇ ಇಟ್ಟು ಎಡಗಾಲಿನ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ವಾಪಸ್ ತನ್ನಿ. ಬಲ ಮಂಡಿ ಪಾದದ ನೇರಕ್ಕೇ ಇರಲಿ. ಐದು ಸಲದಿಂದ ಶುರು ಮಾಡಿ. ಮಳೆಗೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಮಾತ್ರ ಖಂಡಿತ ಬೇಡ, ಒಳಗಿನ ಹೊಸ್ತಿಲೇ ಆದೀತು.

ನೋವು ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೂರನೇ ದಿನ ಬಿಟ್ಟುಬಿಡುತ್ತೀರಿ. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ನಾಲ್ಕು ಐದರವರೆಗಿನ ನೋವು ವ್ಯಾಯಾಮದ ಹೊತ್ತಲ್ಲಿ ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಮಂಡಿ ಊದಿರಬಾರದು. ಇಳಿಯದಿದ್ದರೆ ಹಿಂದಿನ ದಿನ ಜಾಸ್ತಿ ಆಗಿದೆ, ಅರ್ಧಕ್ಕೆ ತಗ್ಗಿಸಿ. ಪೂರ್ತಿ ನಿಲ್ಲಿಸಬೇಡಿ. ಒಂದೂವರೆ ಎರಡು ತಿಂಗಳು ಬೇಕು, ಸ್ನಾಯು ಬೆಳೆಯುವ ವೇಗವೇ ಅಷ್ಟು. ವ್ಯಾಯಾಮವನ್ನೂ ನೋವಿನ ಮಾತ್ರೆಯನ್ನೂ ಹೋಲಿಸಿ ನೋಡಿದಾಗ ಕೊಡುವ ಆರಾಮ ಹೆಚ್ಚುಕಮ್ಮಿ ಸಮ ಅಂತ ಕಂಡಿದೆ. ಮಾತ್ರೆಯಿಂದ ಹೊಟ್ಟೆ, ಕಿಡ್ನಿಗೆ ತೊಂದರೆ ಆಗಬಹುದು, ಶುಗರ್ ಇರುವ ನಿಮಗಂತೂ ಅದು ಸಣ್ಣ ಮಾತಲ್ಲ. ವ್ಯಾಯಾಮದಿಂದ ಶುಗರೂ ಇಳಿಯುತ್ತದೆ.

ತೂಕದ ಬಗ್ಗೆ ಒಂದೇ ಲೆಕ್ಕ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿ ಆಗುತ್ತದೆ ಅಂತ 2005ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಐದು ಕೆಜಿಗೆ ಇಪ್ಪತ್ತು. ರಾತ್ರಿಯ ಅನ್ನ ಅರ್ಧ ಮಾಡಿ, ದಿನಾ ಕುಡಿಯುವ ಕಾಫಿಯ ಸಕ್ಕರೆ ಬಿಡಿ. ಶುಗರ್ ಡಾಕ್ಟರೂ ಇದನ್ನೇ ಹೇಳಿರುತ್ತಾರೆ.

ತೋಟದಲ್ಲಿ ನೇರ ಇಳಿಯಬೇಡಿ, ಅಡ್ಡಡ್ಡ ತಿರುಗಿಕೊಂಡು ಇಳಿಯಿರಿ. ಊರುಗೋಲು ಎಡಗೈಯಲ್ಲಿರಲಿ. ಬಲ ಮಂಡಿಗೆ ಎಡಗೈ ಊರುಗೋಲು ಸರಿ, ತುಂಬಾ ಜನ ನೋವಿರುವ ಕಡೆಗೇ ಹಿಡಿಯುತ್ತಾರೆ. ಕಳೆ ಕೀಳುವುದು, ಕಣದಲ್ಲಿ ಕಾಫಿ ಹೆಕ್ಕುವುದು ಕುಕ್ಕರಗಾಲಲ್ಲಿ ಬೇಡ, ಸಣ್ಣ ಸ್ಟೂಲ್ ಇಟ್ಟುಕೊಳ್ಳಿ.

ದೇವೀರಮ್ಮನ ಬೆಟ್ಟ ಹತ್ತುವುದನ್ನು ನಾನು ಬೇಡ ಅನ್ನುವುದಿಲ್ಲ. ಹರಕೆ ಇರುವವರು ವ್ಯಾಯಾಮ ತಪ್ಪಿಸುವುದಿಲ್ಲ ಅನ್ನುವುದು ನನ್ನ ಅನುಭವ. ಆದರೆ ಆ ಬೆಟ್ಟ ಕಡಿದಾಗಿದೆ, ದೀಪಾವಳಿ ಹೊತ್ತಿಗೆ ಇನ್ನೂ ಒದ್ದೆ ಇದ್ದರೆ ಜಾರುತ್ತದೆ, ಜನಜಂಗುಳಿ ಬೇರೆ. ನಿಮ್ಮ ತೊಂದರೆ ಇರುವುದು ಇಳಿಯುವುದರಲ್ಲಿ. ಹಬ್ಬಕ್ಕೆ ಹದಿನೈದು ದಿನ ಮೊದಲು ನಿಮ್ಮ ತೋಟದ ಇಳಿಜಾರಿನಲ್ಲೇ ಅರ್ಧ ಗಂಟೆ ಹತ್ತಿ ಇಳಿದು ನೋಡಿ. ಮರುದಿನ ಮಂಡಿ ಊದದಿದ್ದರೆ, ಎರಡು ಕೋಲು ಹಿಡಿದು, ಜೊತೆಗೆ ಮಗನನ್ನು ಕರೆದುಕೊಂಡು ಹೋಗಿ. ಊದಿದರೆ ಈ ವರ್ಷ ಬಿಂಡಿಗದಲ್ಲಿ, ಬೆಟ್ಟದ ಕೆಳಗಿನ ಗುಡಿಯಲ್ಲೇ ಕೈ ಮುಗಿದು, ಮುಂದಿನ ವರ್ಷಕ್ಕೆ ತಯಾರಿ ಮಾಡಿ.

ಕೊನೆಗೆ ಕಾಯಬಾರದ ಕೆಲವು ವಿಷಯ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರ ಬರುವುದು. ಮಂಡಿ ಒಂದು ಕೋನದಲ್ಲಿ ಸಿಕ್ಕಿಬಿದ್ದು ಮಡಚಲೂ ಚಾಚಲೂ ಆಗದಿರುವುದು. ಬಿದ್ದ ಮೇಲೆ ಕಾಲೂರಲು ಆಗದಿರುವುದು. ಮೀನಖಂಡ ಒಂದೇ ಕಡೆ ಊದಿ ನೋಯುವುದು. ರಾತ್ರಿ ಮಲಗಿದಾಗಲೂ ಬಿಡದ ನೋವಿನ ಜೊತೆ, ಪ್ರಯತ್ನಪಡದೆ ತೂಕ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಕರೆಂಟ್, ವ್ಯಾಯಾಮ ಎರಡನ್ನೂ ನಿಲ್ಲಿಸಿ, ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ. ಜ್ವರ ಮತ್ತು ಮೀನಖಂಡದ ಊತಕ್ಕೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ.